ಬುತ್ತಿ ಕಟ್ಟಬೇಕಾ, ಹೋದಲ್ಲಿ ಉಣ್ಣಬೇಕಾ?

ಉಬುಂಟು ಎಂಬ ಲಿನಕ್ಸಿನ 22.04 ಆವೃತ್ತಿಯಲ್ಲಿ ಕೂತು ಸಿ ಭಾಷೆಯಲ್ಲಿ ಒಂದು ಪುಟ್ಟ ಪ್ರೋಗ್ರಾಂ ಬರೆಯಿರಿ. ಪರದೆ ಮೇಲೆ 'ನಮಸ್ಕಾರ' ಅಂತ ತೋರಿಸಿದರೆ ಸಾಕು. ಕಂಪೈಲ್ ಮಾಡಿ, ಅಂದರೆ ಕಂಪ್ಯೂಟರ್ ಓಡಿಸಬಲ್ಲ ಫೈಲ್ ಮಾಡಿ, ಹಳೆಯ ಉಬುಂಟು 20.04 ಇಟ್ಟುಕೊಂಡ ಗೆಳೆಯರಿಗೆ ಕಳಿಸಿ. ಅಲ್ಲಿ ಅದು ಓಡುವುದಿಲ್ಲ! ಜಿಲಿಬ್‌ಸಿ 2.34 ಸಿಗುತ್ತಿಲ್ಲ ಎಂದು ತಕರಾರು ತೆಗೆಯುತ್ತದೆ.

ನಾವು ಬರೆದದ್ದು ನಾಲ್ಕು ಸಾಲು. ಇದರಲ್ಲಿ 2.34 ಎಲ್ಲಿಂದ ಬಂತು?

ಪರದೆಗೆ ಅಕ್ಷರ ಬರೆಯುವ ಕೆಲಸ ನಮ್ಮ ಫೈಲಿನೊಳಗೆ ಇಲ್ಲ. ಅದು ಜಿಲಿಬ್‌ಸಿ ಎಂಬ ಶೇರ್ಡ್ ಲೈಬ್ರರಿಯಲ್ಲಿದೆ, ಅಂದರೆ ಆಯಾ ಕಂಪ್ಯೂಟರಿನಲ್ಲೇ ಇದ್ದು ಹಲವು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಫೈಲಿನಲ್ಲಿ. ಹೋದಲ್ಲಿ ಉಣ್ಣುವುದು ಅಂದರೆ ಇದೇ. ಪ್ರೋಗ್ರಾಂ ಶುರುವಾಗುವಾಗ ಲೋಡರ್ ಎಂಬ ಸಹಾಯಕ ಪ್ರೋಗ್ರಾಂ ಎರಡನ್ನೂ ಜೋಡಿಸುತ್ತದೆ. ಲೈಬ್ರರಿಯ ಒಂದೊಂದು ಫಂಕ್ಷನ್ ಹೆಸರಿಗೂ ಆವೃತ್ತಿಯ ಚೀಟಿ ಅಂಟಿರುತ್ತದೆ. 2021ರ ಆಗಸ್ಟ್‌ನಲ್ಲಿ ಬಂದ 2.34ರಲ್ಲಿ ಥ್ರೆಡ್ ಲೈಬ್ರರಿಯನ್ನು (ಒಂದೇ ಪ್ರೋಗ್ರಾಮಿನಲ್ಲಿ ಹಲವು ಕೆಲಸ ಒಟ್ಟಿಗೆ ನಡೆಸುವಂಥದ್ದು) ಮುಖ್ಯ ಲೈಬ್ರರಿಗೇ ಸೇರಿಸಿದರು. ಪ್ರೋಗ್ರಾಂ ಶುರು ಮಾಡುವ ಫಂಕ್ಷನ್ನಿಗೂ ಆಗ ಹೊಸ ಚೀಟಿ ಬಿತ್ತು. ಆ ಫಂಕ್ಷನ್ ಎಲ್ಲರಿಗೂ ಬೇಕು, ನಮ್ಮ 'ನಮಸ್ಕಾರ'ಕ್ಕೂ ಬೇಕು. ಉಬುಂಟು 20.04ರಲ್ಲಿ ಇರುವುದು 2.31, ಅದರಲ್ಲಿ ಈ ಹೊಸ ಚೀಟಿ ಇಲ್ಲ.

ಉಲ್ಟಾ ಮಾಡಿದರೆ, ಅಂದರೆ ಹಳೇದರಲ್ಲಿ ಕಂಪೈಲ್ ಮಾಡಿ ಹೊಸದರಲ್ಲಿ ಓಡಿಸಿದರೆ, ತೊಂದರೆಯಿಲ್ಲ. ಹಳೆಯ ಚೀಟಿಗಳನ್ನು ಜಿಲಿಬ್‌ಸಿ ಎಸೆಯುವುದಿಲ್ಲ. ಅದಕ್ಕೇ ಬಲ್ಲವರು ಬೇಕಂತಲೇ ಹಳೇ ಲಿನಕ್ಸಿನಲ್ಲಿ ಕಂಪೈಲ್ ಮಾಡುತ್ತಾರೆ. ಪೈಥಾನ್ ಭಾಷೆಯ ಪ್ಯಾಕೇಜುಗಳು ಹಲವು ಲಿನಕ್ಸುಗಳಲ್ಲಿ ಓಡಲೆಂದು ಮಾಡಿದ 'ಮೆನಿಲಿನಕ್ಸ್ 2014' ನಿಯಮ ನಿಂತಿರುವುದೂ ಸೆಂಟ್‌ಓಎಸ್ 7 ಎಂಬ ಹಳೇ ಲಿನಕ್ಸಿನ ಜಿಲಿಬ್‌ಸಿ 2.17ರ ಮೇಲೆ.

ಇನ್ನೊಂದು ದಾರಿ ಸ್ಟ್ಯಾಟಿಕ್. ಬೇಕಾದ್ದನ್ನೆಲ್ಲ ಫೈಲಿನೊಳಗೇ ತುಂಬಿಬಿಡುವುದು, ಬುತ್ತಿ ಕಟ್ಟಿದ ಹಾಗೆ. ಹೋದ ಊರಲ್ಲಿ ಏನಿದೆ ಅನ್ನೋ ಚಿಂತೆ ಇಲ್ಲ. ಜಿಲಿಬ್‌ಸಿ ಮಾತ್ರ ಇದಕ್ಕೆ ಸರಿಯಾಗಿ ಒಗ್ಗುವುದಿಲ್ಲ. ಸ್ಟ್ಯಾಟಿಕ್ ಮಾಡಿದ ಮೇಲೂ, ಇಂಟರ್ನೆಟ್ ವಿಳಾಸ ಹುಡುಕುವಾಗ ಹೊರಗಿನ ಲೈಬ್ರರಿಯನ್ನೇ ಕೇಳುತ್ತದೆ. ಬುತ್ತಿ ಕಟ್ಟಿ ಉಪ್ಪಿನಕಾಯಿ ಮರೆತ ಹಾಗೆ, ಅಲ್ವಾ? ಈ ಕೆಲಸಕ್ಕೆ 'ಮಸಲ್' ಎಂಬ ಪುಟ್ಟ ಸಿ ಲೈಬ್ರರಿ ವಾಸಿ. ಆಲ್ಪೈನ್ ಲಿನಕ್ಸ್ ಬಳಸುವುದು ಅದನ್ನೇ.

ಹಾಗಿದ್ದರೆ ಎಲ್ಲವನ್ನೂ ಬುತ್ತಿ ಕಟ್ಟಬಹುದಲ್ಲ? 2014ರ ಏಪ್ರಿಲ್ ನೆನಪಿಸಿಕೊಳ್ಳಿ. ನೆಟ್‌ವರ್ಕ್ ಮಾತುಕತೆಯನ್ನು ಗುಟ್ಟಾಗಿಡುವ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯಲ್ಲಿ 'ಹಾರ್ಟ್‌ಬ್ಲೀಡ್' ಎಂಬ ತೂತು ಸಿಕ್ಕಿತು. ಸರ್ವರಿನ ಮೆಮೊರಿಯಲ್ಲಿದ್ದ ಗುಟ್ಟುಗಳು ಹೊರಗೆ ಸೋರಬಹುದಿತ್ತು. ಶೇರ್ಡ್ ಲೈಬ್ರರಿ ಬಳಸುತ್ತಿದ್ದವರು ಒಂದು ಪ್ಯಾಕೇಜ್ ಅಪ್‌ಡೇಟ್ ಮಾಡಿ, ಸರ್ವಿಸುಗಳನ್ನು ಮತ್ತೆ ಶುರು ಮಾಡಿದರೆ ತೂತು ಮುಚ್ಚಿತು. ಒಳಗೇ ತುಂಬಿಕೊಂಡಿದ್ದ ಪ್ರತಿ ಪ್ರೋಗ್ರಾಮನ್ನೂ ಹೊಸದಾಗಿ ಕಟ್ಟಿ ಹಂಚಬೇಕಿತ್ತು.

ನನ್ನ ರೂಢಿ ಹೀಗೆ: ಫೈಲ್ ಹುಡುಕುವಂಥ ಸಣ್ಣಪುಟ್ಟ ಟೂಲ್ ಆದರೆ ಸ್ಟ್ಯಾಟಿಕ್. ನೆಟ್‌ವರ್ಕಿಗೆ ಕಿವಿಗೊಟ್ಟು ಕೂರುವಂಥದ್ದಾದರೆ ಓಪನ್‌ಎಸ್‌ಎಸ್‌ಎಲ್ ಉಸಾಬರಿ ಡೆಬಿಯನ್‌ನಂಥ ಲಿನಕ್ಸ್ ಕಟ್ಟಿ ಹಂಚುವವರಿಗೇ ಇರಲಿ. ಯಾರೋ ಕೊಟ್ಟ ಪ್ರೋಗ್ರಾಂ ಯಾವ ಜಾತಿಯದು ಅಂತ ನೋಡಲು 'ಫೈಲ್' ಎಂಬ ಕಮಾಂಡ್ ಸಾಕು. ಸ್ಟ್ಯಾಟಿಕ್ ಅಂತ ಬಂದರೆ, ಒಳಗಿರುವ ಲೈಬ್ರರಿಗಳಿಗೆ ಎಷ್ಟು ವಯಸ್ಸಾಗಿದೆ ಎಂದು ಕಟ್ಟಿದವರನ್ನೇ ಕೇಳಿ.