ಪಾಲಿಸಿಯಲ್ಲಿ ಸೊನ್ನೆ, ಕಾರಿನಲ್ಲಿ ಒಂದು ಲಕ್ಷ

ವಿಮೆ ಕ್ಲೇಮಿಗೆ ಬಂದ ಗಾಡಿಗಳ ನಷ್ಟ ಅಂದಾಜು ಮಾಡುವ ಸರ್ವೇಯರ್ ನಾನು. ಅಪಘಾತವಾದ ಗಾಡಿ ನೋಡಲು ಗ್ಯಾರೇಜಿಗೆ ಹೋದಾಗ ನೇರ ಗಾಡಿಯ ಹತ್ತಿರ ಹೋಗುವುದಿಲ್ಲ. ಮೊದಲು ಪಾಲಿಸಿಯ ಷೆಡ್ಯೂಲ್ ಪುಟ ಕೇಳುತ್ತೇನೆ. ಅದರಲ್ಲಿ ಐಡಿವಿಯ, ಅಂದರೆ ವಿಮೆ ಗಾಡಿಗೆ ಕಟ್ಟಿದ ಬೆಲೆಯ, ಪಕ್ಕದಲ್ಲೇ ಸಣ್ಣ ಅಕ್ಷರದ ಮೂರು ಮನೆಗಳಿರುತ್ತವೆ: ಎಲೆಕ್ಟ್ರಿಕಲ್ ಅಕ್ಸೆಸರೀಸ್, ನಾನ್ ಎಲೆಕ್ಟ್ರಿಕಲ್ ಅಕ್ಸೆಸರೀಸ್, ಸಿಎನ್‌ಜಿ ಅಥವಾ ಎಲ್‌ಪಿಜಿ ಕಿಟ್. ಸಾಮಾನ್ಯವಾಗಿ ಮೂರರಲ್ಲೂ ಸೊನ್ನೆ. ಆಮೇಲೆ ಗಾಡಿ ನೋಡಿದರೆ ಸೊನ್ನೆಯ ಲಕ್ಷಣ ಒಂದೂ ಕಾಣುವುದಿಲ್ಲ.

ಅರಸೀಕೆರೆ ಕಡೆಯ ಮೇಷ್ಟ್ರೊಬ್ಬರ ಕಾರು ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಜಾರಿ ಚರಂಡಿಗೆ ಇಳಿದಿತ್ತು. ಎಡಗಡೆಯ ಎರಡು ಅಲಾಯ್ ವೀಲ್ ಸೀಳಿದ್ದವು, ಒಂದು ಫಾಗ್ ಲ್ಯಾಂಪ್ ಪುಡಿ, ಡ್ಯಾಶ್‌ಬೋರ್ಡಿನ ದೊಡ್ಡ ಟಚ್‌ಸ್ಕ್ರೀನ್ ಬಿರುಕು ಬಿಟ್ಟಿತ್ತು. ಮಧ್ಯದ ವೇರಿಯಂಟ್ ಕೊಂಡು, ಮೇಲಿನ ವೇರಿಯಂಟ್‌ನ ಅಂದವನ್ನೆಲ್ಲ ಶೋರೂಮಿನಲ್ಲೇ ಹಾಕಿಸಿಕೊಂಡಿದ್ದರು. ಸ್ಕ್ರೀನ್ ಮತ್ತು ಸ್ಪೀಕರ್ 38,000, ಅಲಾಯ್ 44,000, ಫಾಗ್ ಲ್ಯಾಂಪ್ 6,000, ಸೀಟ್ ಕವರ್ ಮತ್ತು ಮ್ಯಾಟ್ 12,000. ಒಟ್ಟು ಸರಿಯಾಗಿ ಒಂದು ಲಕ್ಷ.

"ಹೊರಗಡೆ ಹಾಕಿಸಿದ್ದಲ್ಲ ಸಾರ್, ಶೋರೂಮಲ್ಲೇ ಹಾಕಿಸಿದ್ದು. ಬಿಲ್ಲೂ ಇದೆ, ಬಂಪರ್ ಟು ಬಂಪರ್ ಪಾಲಿಸಿನೂ ಇದೆ," ಅಂದರು.

"ಮೇಷ್ಟ್ರೆ, ನೀವು ಗಾಡಿಗೆ ಹಾಕಿಸಿದ್ರಿ. ಪಾಲಿಸಿಗೆ ಹಾಕಿಸಲಿಲ್ಲ," ಅಂದೆ. ಹೇಳಿದ ಮೇಲೆ ನನಗೇ ಸ್ವಲ್ಪ ಒರಟಾಯಿತೇನೋ ಅನ್ನಿಸಿತು.

ತೊಡಕು ಇರುವುದು ಐಡಿವಿ ಲೆಕ್ಕದಲ್ಲಿ. ತಯಾರಕರು ನಿಮ್ಮ ವೇರಿಯಂಟಿಗೆ ಪ್ರಕಟಿಸಿದ ಮಾರಾಟ ಬೆಲೆಯಲ್ಲಿ ವಯಸ್ಸಿನ ಸವಕಳಿ ಕಳೆದರೆ ಉಳಿಯುವುದು ಐಡಿವಿ: ಆರು ತಿಂಗಳವರೆಗೆ 5%, ಒಂದು ವರ್ಷದವರೆಗೆ 15%, ಎರಡರವರೆಗೆ 20%, ಮೂರರವರೆಗೆ 30%, ಹೀಗೆ. ಫ್ಯಾಕ್ಟರಿಯಿಂದಲೇ ಅಲಾಯ್ ಹಾಕಿಕೊಂಡು ಬಂದ ಗಾಡಿಯಾದರೆ ಅದರ ದುಡ್ಡು ಆ ಬೆಲೆಯೊಳಗೇ ಕೂತಿರುತ್ತದೆ. ಅದೇ ಅಲಾಯ್ ಅನ್ನು ಡೆಲಿವರಿಯ ಹಿಂದಿನ ದಿನ ಶೋರೂಮಿನ ಹುಡುಗರು ಬಿಗಿದರೆ ಅದು ಹೊರಗಿನದು. ಕಂಪನಿಯ ಒರಿಜಿನಲ್ ಮಾಲಾದರೂ ಹೊರಗಿನದೇ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಲ್ಲಿ ಹಾಕಿಸಿದ್ದಕ್ಕೂ ಇದಕ್ಕೂ ವಿಮೆಯ ಕಣ್ಣಿಗೆ ವ್ಯತ್ಯಾಸವಿಲ್ಲ.

ಇನ್ನು ಜನರ ಬಾಯಲ್ಲಿರುವ 'ಬಂಪರ್ ಟು ಬಂಪರ್'. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ 50% ಸವಕಳಿ ಹಿಡಿಯುತ್ತಾರಲ್ಲ, ಅದನ್ನು ಹಿಡಿಯದಂತೆ ಮಾಡುವ ಸೌಲಭ್ಯ ಅದು. ಪಾಲಿಸಿಯಲ್ಲಿ ಇಲ್ಲದ ವಸ್ತುವನ್ನು ಅದು ಒಳಗೆ ತರುವುದಿಲ್ಲ. ಮೇಷ್ಟ್ರ ಕ್ಲೇಮಿನಲ್ಲಿ ಎರಡು ಅಲಾಯ್ ಬದಲು ಆ ವೇರಿಯಂಟಿನ ಕಬ್ಬಿಣದ ವೀಲ್‌ನ ಬೆಲೆ ಬರೆದೆ. ಸ್ಕ್ರೀನಿಗೂ ಫಾಗ್ ಲ್ಯಾಂಪಿಗೂ ಏನೂ ಬರೆಯಲಾಗಲಿಲ್ಲ.

ಬೇಸರವಾಗುವುದು ಉಳಿಸಿದ ಹಣ ನೋಡಿದರೆ. ಎಲೆಕ್ಟ್ರಿಕಲ್ ಅಕ್ಸೆಸರೀಸ್‌ಗೆ ಹಳೆಯ ಮೋಟಾರ್ ಟ್ಯಾರಿಫ್ (ವಾಹನ ವಿಮೆಯ ದರಪಟ್ಟಿ) ಕಾಲದಿಂದ ನಡೆದುಬಂದ ದರ, ಬೆಲೆಯ 4%. ಸ್ಕ್ರೀನ್, ಫಾಗ್ ಲ್ಯಾಂಪ್ ಸೇರಿ 44,000ಕ್ಕೆ ವರ್ಷಕ್ಕೆ 1,760 ರೂಪಾಯಿ, ಜಿಎಸ್‌ಟಿ ಬೇರೆ. ಅಲಾಯ್, ಸೀಟ್ ಕವರ್‌ನಂಥವುಗಳ ಬೆಲೆ ಐಡಿವಿಗೆ ಸೇರಿ ಗಾಡಿಯ ದರವೇ ಅನ್ವಯಿಸುತ್ತದೆ. ಆದರೆ ಸ್ಕ್ರೀನ್ ತಾನಾಗಿಯೇ ಕೆಟ್ಟರೆ ವಿಮೆ ಬರುವುದಿಲ್ಲ. ಅಪಘಾತ, ಕಳವು, ಬೆಂಕಿ, ನೆರೆ ಮುಂತಾದವುಗಳಿಂದ ಹಾಳಾದರೆ ಮಾತ್ರ.

ಇಷ್ಟು ಬರೀ ದುಡ್ಡಿನ ಲೆಕ್ಕ. ಹೇಳದಿದ್ದರೆ ಆ ವಸ್ತುವಿನ ಹಣ ಹೋಗುತ್ತದೆ, ಉಳಿದ ಕ್ಲೇಮ್ ನಿಲ್ಲುತ್ತದೆ. ಮಾಡಿಫಿಕೇಶನ್ ಹಾಗಲ್ಲ, ಅಲ್ಲಿ ಇಡೀ ಕ್ಲೇಮ್ ಅಲುಗಾಡಬಹುದು.

ಸಕಲೇಶಪುರ ಕಡೆಯ ತೋಟಗಳಲ್ಲಿ ಜೀಪು ಅಂದರೆ ಮನೆಮಗ. ಅಂಥ ಮನೆಮಗನೊಬ್ಬ ಬಾನೆಟ್ ತನಕ ಸುಟ್ಟು ನಿಂತಿದ್ದ. ಚಾವಣಿಯ ಮೇಲೆ ಎಲ್‌ಇಡಿ ಬಾರ್, ಮುಂದೆ ಕಬ್ಬಿಣದ ಗಾರ್ಡ್, ಅದರ ಮೇಲೆ ಮತ್ತೆರಡು ಲೈಟ್. ಫ್ಯೂಸ್ ಬಾಕ್ಸಿನ ಮುಚ್ಚಳ ತೆಗೆದರೆ ಒಂದು ಫ್ಯೂಸೂ ಹೋಗಿರಲಿಲ್ಲ. ಬ್ಯಾಟರಿಯ ಪ್ಲಸ್ ಟರ್ಮಿನಲ್‌ನಿಂದ ಒಂದು ತೆಳು ವೈರು ನೇರವಾಗಿ ಮೇಲಕ್ಕೆ ಹೋಗಿತ್ತು, ನಡುವೆ ಫ್ಯೂಸೂ ಇಲ್ಲ, ರಿಲೇಯೂ ಇಲ್ಲ. ಬಾನೆಟ್ಟಿನ ಕೀಲಿನ ಹತ್ತಿರ, ತಗಡಿಗೆ ಉಜ್ಜುವ ಜಾಗದಲ್ಲಿ, ತಾಮ್ರ ಕರಗಿ ಸಾಸಿವೆ ಕಾಳಿನಷ್ಟು ಮಣಿಯಾಗಿತ್ತು. ಶಾರ್ಟ್ ಆದದ್ದು ಅಲ್ಲಿ ಅನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಕಿಲ್ಲ. ಇನ್ನೂರು ರೂಪಾಯಿಯೊಳಗಿನ ಫ್ಯೂಸ್ ಹೋಲ್ಡರ್ ಒಂದು ಆ ಗಾಡಿಯನ್ನು ಉಳಿಸುತ್ತಿತ್ತು.

ನಾವು ಸಹಿ ಹಾಕುವ ಪ್ರೊಪೋಸಲ್ ಫಾರ್ಮಿನಲ್ಲೇ ಒಂದು ಮಾತಿದೆ: ಇನ್ನು ಮುಂದೆ ಗಾಡಿಗೆ ಏನಾದರೂ ಸೇರಿಸಿದರೆ, ಬದಲಿಸಿದರೆ ತಕ್ಷಣ ತಿಳಿಸುತ್ತೇನೆ ಎಂದು. ವಿಮಾ ಕಂಪನಿ ಹಿಡಿದುಕೊಳ್ಳುವುದು ಅದನ್ನೇ. ನಾನು ಕಂಪನಿಯ ನೌಕರನಲ್ಲ. ಕಂಡದ್ದನ್ನು, ಕಾರಣವನ್ನು ಬರೆದು ಕೊಡುವುದಷ್ಟೇ ನನ್ನ ಕೆಲಸ, ಕೊನೆಯ ತೀರ್ಮಾನ ಅವರದು. ಅದೇ ಜೀಪಿಗೆ ಹಿಂದಿನಿಂದ ಲಾರಿ ಗುದ್ದಿದ್ದರೆ, ಮುಂದಿನ ಲೈಟಿಗೂ ಈ ನಷ್ಟಕ್ಕೂ ಸಂಬಂಧವಿಲ್ಲ ಎಂದೂ ಅಷ್ಟೇ ಸ್ಪಷ್ಟವಾಗಿ ಬರೆಯುತ್ತಿದ್ದೆ.

"ಹಾಗಾದ್ರೆ ಎಲ್ಲ ಹೇಳಿಬಿಟ್ರೆ ಆಯ್ತಲ್ಲ?" ಎಂದು ಕೇಳುವವರಿದ್ದಾರೆ. ಆಗಲ್ಲ. ಇದು ಅಕ್ರಮ-ಸಕ್ರಮ ಅಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರ ಮೂಲ ವಿವರಕ್ಕೆ ಹೊಂದದಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ತಿದ್ದುಪಡಿಯಿಂದ ಹಾಗೆ ಬದಲಿಸಿದ ಮಾಲೀಕರಿಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಮುಂದಿನ ಕಬ್ಬಿಣದ ಗಾರ್ಡಿನ ವಿರುದ್ಧ ಕ್ರಮ ಕೈಗೊಳ್ಳಿ ಎಂದು ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಬರೆದದ್ದು 2017ರ ಡಿಸೆಂಬರಿನಲ್ಲಿ. ಗಾಜಿನ ಕಪ್ಪು ಫಿಲ್ಮನ್ನು ಸುಪ್ರೀಂ ಕೋರ್ಟ್ ನಿಷೇಧಿಸಿದ್ದು 2012ರಲ್ಲಿ. ಇವಕ್ಕೆಲ್ಲ ಪ್ರೀಮಿಯಂ ಕಟ್ಟಿ ಪಾರಾಗುವ ದಾರಿಯಿಲ್ಲ.

ಸಿಎನ್‌ಜಿ ಕಿಟ್‌ಗೆ, ಗಾಡಿಯ ಬಣ್ಣ ಬದಲಿಸುವುದಕ್ಕೆ ದಾರಿಯಿದೆ, ಆದರೆ ಅದು ಆರ್‌ಟಿಒ ಮೂಲಕ. ಮೊದಲು ಆರ್‌ಸಿಯಲ್ಲಿ ನಮೂದು, ಆಮೇಲೆ ಪಾಲಿಸಿಯಲ್ಲಿ. ಕಿಟ್‌ನ ಬೆಲೆಗೆ 4%, ಥರ್ಡ್ ಪಾರ್ಟಿ ಭಾಗಕ್ಕೆ 60 ರೂಪಾಯಿ. ಆರ್‌ಸಿಯಲ್ಲಿ ಬರೀ ಪೆಟ್ರೋಲ್, ಡಿಕ್ಕಿಯಲ್ಲಿ ಸಿಲಿಂಡರ್ ಇದ್ದ ಗಾಡಿಗಳನ್ನು ನಾನು ನೋಡಿದ್ದೇನೆ. ಮಾಲೀಕರ ಜತೆ ಮಾತು ಮುಂದುವರಿಸುವುದೇ ಕಷ್ಟವಾಗುತ್ತದೆ.

ಪಾಲಿಸಿಗೆ ಸೇರಿಸುವ ಕೆಲಸವೇನೂ ದೊಡ್ಡದಲ್ಲ. ನಿಮ್ಮ ಹೆಸರಿನ, ಜಿಎಸ್‌ಟಿ ನಂಬರ್ ಇರುವ ಬಿಲ್ಲು, ಹಾಕಿಸಿದ ಮೇಲಿನ ಫೋಟೊ, ಕಂಪನಿಗೆ ಒಂದು ಇಮೇಲ್. ವರ್ಷದ ನಡುವೆಯಾದರೂ ಉಳಿದ ದಿನಗಳ ಪ್ರೀಮಿಯಂ ಕಟ್ಟಿಸಿಕೊಂಡು ಎಂಡಾರ್ಸ್‌ಮೆಂಟ್, ಅಂದರೆ ಪಾಲಿಸಿಯ ತಿದ್ದುಪಡಿ ಪತ್ರ, ಕೊಡುತ್ತಾರೆ. ಏಜೆಂಟಿಗೆ ಫೋನಲ್ಲಿ ಹೇಳಿದ್ದು ಹೇಳಿದಂತಲ್ಲ, ಕಾಗದ ಕೈಗೆ ಬರಬೇಕು. ರಿನ್ಯೂವಲ್ ಕಾಲದಲ್ಲಿ ಮತ್ತೆ ನೋಡಿ. ಮೊಬೈಲಿನಲ್ಲಿ ಅಗ್ಗದ ಕಂಪನಿ ಹುಡುಕಿ ಬದಲಾಯಿಸುವಾಗ ಆ ಮೂರು ಮನೆ ತಾವಾಗಿಯೇ ಸೊನ್ನೆಗೆ ಮರಳುತ್ತವೆ, ಯಾರೂ ಎಚ್ಚರಿಸುವುದಿಲ್ಲ.

ಮರುವರ್ಷ ಮೇಷ್ಟ್ರು ಹೊಸ ಪಾಲಿಸಿಯನ್ನು ವಾಟ್ಸಾಪಿನಲ್ಲಿ ಕಳಿಸಿದರು. ಎರಡು ಮನೆಗಳಲ್ಲಿ ಅಂಕಿ ಬಂದಿತ್ತು, ಅದಕ್ಕೆ ಕೆಂಪು ಗೆರೆ ಬೇರೆ ಎಳೆದಿದ್ದರು, ಪರೀಕ್ಷೆ ಪೇಪರಿನಂತೆ. ನೋಡುತ್ತ ಕೆಳಗಿಳಿದರೆ ಚಾಸಿಸ್ ನಂಬರಿನಲ್ಲಿ ಒಂದಂಕಿ ತಪ್ಪಿತ್ತು. ಫೋನ್ ಮಾಡಿ ಅದನ್ನೂ ತಿದ್ದಿಸಿದೆ.