ಕಾರಿನ ಕಾಜು (ಕಿಟಕಿ ಗಾಜು) ಏರಿಸಿದಾಗಲೇ ಬರುವ ಪೆಟ್ರೋಲ್ ಘಾಟು

“ಕಾಜು ಏರಿಸಿದ್ರ ತಲಿ ಹಿಡಿತೈತ್ರಿ, ಇಳಿಸಿದ್ರ ಏನೂ ಇಲ್ಲ. ಗೋವಾದಿಂದ ಚೋರ್ಲಾ ಘಾಟ್ ಹತ್ತೂ ಮುಂದಂತೂ ಕೂಡಾಕ ಆಗಂಗಿಲ್ಲ” ಎಂದು 1972ರ ಬೀಟಲ್ ಕಾರಿನ ಮಾಲೀಕರಾದ ವೈದ್ಯರೊಬ್ಬರು ಬೆಳಗಾವಿ ಉದ್ಯಮಬಾಗದ ನಮ್ಮ ಗ್ಯಾರೇಜಿನಲ್ಲಿ ಹೇಳಿದಾಗ, ಅರ್ಧ ಉತ್ತರ ಅವರ ಮಾತಿನಲ್ಲೇ ಇತ್ತು. ನಾನು ಅದನ್ನು ಕೇಳಿಸಿಕೊಂಡೆನೇ ಹೊರತು ಅದರ ಬಗ್ಗೆ ಯೋಚಿಸಲಿಲ್ಲ. ಪೆಟ್ರೋಲ್ ಟಾಕಿಯ ಬಾಯಿಯ ರಬ್ಬರ್ ಪೈಪು ಮತ್ತು ಮೇಲ್ಭಾಗದಲ್ಲಿ ಪೆಟ್ರೋಲ್ ಮಟ್ಟ ಅಳೆಯುವ ಗೇಜ್ ಯೂನಿಟ್ಟಿನ ಗ್ಯಾಸ್ಕೆಟ್ಟನ್ನು ಬದಲಿಸಿ ಗಾಡಿ ಕಳಿಸಿಕೊಟ್ಟೆ. ನಾಲ್ಕನೆಯ ದಿನ ಗಾಡಿ ಮರಳಿ ಬಂತು.

ಪೆಟ್ರೋಲ್ ಸೋರಿದರೆ ಕಲೆ ಕಾಣುತ್ತದೆ, ಆವಿ ಸೋರಿದರೆ ಏನೂ ಕಾಣುವುದಿಲ್ಲ. ಮೂಗನ್ನೂ ನೆಚ್ಚಿಕೊಳ್ಳುವಂತಿಲ್ಲ, ಏಕೆಂದರೆ ಕೆಲವೇ ನಿಮಿಷಗಳಲ್ಲಿ ಅದು ವಾಸನೆಗೆ ಒಗ್ಗಿಹೋಗುತ್ತದೆ. ಆದ್ದರಿಂದ ವಾಸನೆ ಎಲ್ಲಿಂದ ಬರುತ್ತಿದೆ ಎಂದು ಹುಡುಕುವ ಮೊದಲು ಯಾವಾಗ ಬರುತ್ತದೆ ಎಂದು ಕೇಳಬೇಕು. ಟಾಕಿ ತುಂಬಿಸಿದ ದಿನ ಮಾತ್ರ ಬರುತ್ತದೆಯೇ, ಬಿಸಿಲಿನಲ್ಲಿ ನಿಂತ ಮೇಲೆ ಬರುತ್ತದೆಯೇ, ತಿರುವಿನಲ್ಲಿ ಬರುತ್ತದೆಯೇ, ರಾತ್ರಿಯಿಡೀ ಮುಚ್ಚಿದ ಶೆಡ್ಡಿನ ಬಾಗಿಲು ತೆರೆದಾಗ ಬರುತ್ತದೆಯೇ? ತಿರುವಿನಲ್ಲಿ ಬರುವುದಾದರೆ ಸಾಮಾನ್ಯವಾಗಿ ಟಾಕಿಯ ಬಾಯಿಯ ಪೈಪನ್ನು ನೋಡಬೇಕು. ಬಿಸಿಲಿಗೋ ಘಾಟ್ ಹತ್ತುವಾಗಲೋ ಹೆಚ್ಚಾಗುವುದಾದರೆ ಆವಿಯ ದಾರಿಯನ್ನೇ ಹಿಡಿಯಬೇಕು. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಗಾಡಿ ಮೇಲೇರಿದಂತೆ ಹೊರಗಿನ ಗಾಳಿಯ ಒತ್ತಡ ಇಳಿಯುವುದರಿಂದ ಟಾಕಿಯೊಳಗಿನ ಆವಿ ಹೊರಬರಲು ದಾರಿ ಹುಡುಕುತ್ತದೆ. ವೈದ್ಯರ ಮಾತಿನ ಅರ್ಥ ಇದೇ ಆಗಿತ್ತು.

ನಮ್ಮ ಹಳೆಯ ಅಂಬಾಸಿಡರ್, ಪದ್ಮಿನಿಗಳಲ್ಲಿ ಟಾಕಿಯ ಆವಿ ನೇರವಾಗಿ ಹೊರಗೆ ಹೋಗುತ್ತಿತ್ತು, ಅದನ್ನು ಯಾರೂ ದೋಷವೆಂದು ಎಣಿಸುತ್ತಿರಲಿಲ್ಲ. ಆದರೆ ಈ ಬೀಟಲ್ ಅಮೆರಿಕದ ಮಾರುಕಟ್ಟೆಗೆಂದು ತಯಾರಾದದ್ದು. ಟಾಕಿಯ ಆವಿಯನ್ನು ಹೊರಗೆ ಬಿಡಬಾರದೆಂಬ ನಿಯಮ ಕ್ಯಾಲಿಫೋರ್ನಿಯಾದಲ್ಲಿ 1970ರ ಮಾದರಿಗಳಿಗೆ, 1971ರಿಂದ ಇಡೀ ಅಮೆರಿಕಕ್ಕೆ ಅನ್ವಯವಾಯಿತು. ಬೀಟಲಿನಲ್ಲಿ ಟಾಕಿ ಮುಂದೆ, ಎಂಜಿನ್ ಹಿಂದೆ. ಈ ನಿಯಮಕ್ಕಾಗಿ ಟಾಕಿಯಿಂದ ಹೊರಟ ಪೈಪುಗಳು ಮುಂಬದಿಯ ಗಾಜಿನ ಬುಡದಲ್ಲಿರುವ ಸಣ್ಣ ಡಬ್ಬಿಯೊಂದಕ್ಕೆ ಸೇರುತ್ತವೆ. ಬಿಸಿಗೆ ಹಿಗ್ಗಿದ ಪೆಟ್ರೋಲಿಗೆ ಅಲ್ಲಿ ಜಾಗವಿರುತ್ತದೆ. 40 ಲೀಟರ್ ಪೆಟ್ರೋಲು 20 ಡಿಗ್ರಿ ಬಿಸಿಯೇರಿದರೆ ಸುಮಾರು ಮುಕ್ಕಾಲು ಲೀಟರಿನಷ್ಟು ಹಿಗ್ಗುತ್ತದೆ ಎಂಬುದನ್ನು ಗಮನಿಸಿದರೆ ಆ ಡಬ್ಬಿಯ ಅಗತ್ಯ ಅರ್ಥವಾಗುತ್ತದೆ. ಅಲ್ಲಿಂದ ಆವಿ ಹಿಂಬದಿಯ ಇದ್ದಿಲಿನ ಡಬ್ಬಿಗೆ ಹೋಗಿ, ಇದ್ದಿಲಿನ ಕಣಗಳಿಗೆ ಅಂಟಿಕೊಂಡು ನಿಲ್ಲುತ್ತದೆ. ಎಂಜಿನ್ ಓಡುವಾಗ ಅದರ ಫ್ಯಾನಿನ ಗಾಳಿ ಒಂದು ಪೈಪಿನಿಂದ ಇದ್ದಿಲಿನ ಮೂಲಕ ಹಾಯ್ದು, ಆವಿಯನ್ನು ಏರ್ ಕ್ಲೀನರಿಗೆ ಒಯ್ದು ಸುಡಲು ಕೊಡುತ್ತದೆ.

ಎರಡನೆಯ ಸಲ ಬಂದಾಗ ನಾನು ಆತುರಪಡಲಿಲ್ಲ. ಪೆಟ್ರೋಲ್ ಆವಿ ಗಾಳಿಗಿಂತ ಮೂರು–ನಾಲ್ಕು ಪಟ್ಟು ಭಾರವಾಗಿದ್ದು ನೆಲದ ಗುಂಡಿಯಲ್ಲಿ ತುಂಬಿಕೊಳ್ಳುವುದರಿಂದ ಗಾಡಿಯನ್ನು ಗುಂಡಿಯ ಮೇಲಲ್ಲ, ಅಂಗಳದಲ್ಲಿ ನಿಲ್ಲಿಸಿ, ಬ್ಯಾಟರಿ ಕಳಚಿ, ಬೆಂಕಿ ಆರಿಸುವ ಪೌಡರ್ ಸಿಲಿಂಡರನ್ನು ಪಕ್ಕದಲ್ಲಿಟ್ಟುಕೊಂಡೆ. ಬಿಸಿಯಾಗುವ ತೂಗುಬಲ್ಬನ್ನು ಮುಟ್ಟುವುದಿಲ್ಲ. ನಂತರ ಅಡುಗೆ ಅನಿಲದ ಸೋರಿಕೆ ಹಿಡಿಯುವ ಕೈಯುಪಕರಣವನ್ನು ಪೈಪುಗಳುದ್ದಕ್ಕೂ ನಿಧಾನವಾಗಿ ಸರಿಸಿದಾಗ, ಮುಂದಿನ ಡಿಕ್ಕಿಯ ಒಳಗೆ ಆ ಸಣ್ಣ ಡಬ್ಬಿಯ ಟಿ ಆಕಾರದ ಜೋಡಣೆಯ ಹತ್ತಿರ ಅದು ಕೂಗಿತು. ಕಣ್ಣಿಗೆ ಪೈಪು ಚೆನ್ನಾಗಿಯೇ ಇತ್ತು. ಈ ಕಾಲದ ಜರ್ಮನ್ ಕಾರುಗಳ ಪೈಪಿನ ಮೇಲೆ ನೂಲಿನ ಹೆಣಿಗೆ ಇರುತ್ತದೆ. ರಬ್ಬರ್ ಒಳಗೆ ಬಿರಿದರೂ ನೂಲು ಹಾಗೇ ಉಳಿದು ಮೋಸಮಾಡುತ್ತದೆ. ಬೆರಳಿನಲ್ಲಿ ಬಾಗಿಸಿದೊಡನೆ ಅದು ಒಣಗಿದ ಹುಣಸೆಕಾಯಿಯಂತೆ ಚಟ್ಟನೆ ಸೀಳಿತು. ಬೀಟಲಿನಲ್ಲಿ ಮುಂದಿನ ಡಿಕ್ಕಿಗೂ ಡ್ಯಾಶ್‌ಬೋರ್ಡಿನ ಹಿಂಬದಿಗೂ ನಡುವೆ ರಟ್ಟಿನ ಹೊದಿಕೆ ಮಾತ್ರ ಇರುವುದರಿಂದ ಆವಿಗೆ ಒಳಗೆ ಬರಲು ಅಡ್ಡಿಯಿಲ್ಲ. ಕಾಜು ಮುಚ್ಚಿದರೆ ಅದು ಅಲ್ಲೇ ನಿಲ್ಲುತ್ತದೆ.

ಇಷ್ಟಕ್ಕೆ ನಿಲ್ಲಿಸಿದ್ದರೆ ಗಾಡಿ ಮೂರನೆಯ ಸಲವೂ ಬರುತ್ತಿತ್ತು. ಎಂಜಿನ್ನಿನ ಕಡೆ ನೋಡಿದಾಗ, ಫ್ಯಾನಿನಿಂದ ಇದ್ದಿಲ ಡಬ್ಬಿಗೆ ಬರಬೇಕಾದ ಪೈಪನ್ನು ಹಿಂದೆ ಯಾರೋ ಕಿತ್ತು, ಬಾಯಿಗೆ ಬೋಲ್ಟ್ ತುರುಕಿದ್ದರು. ಅದರಿಂದ ಇದ್ದಿಲು ಆವಿಯನ್ನು ಹೀರುತ್ತಾ ಹೋಯಿತೇ ಹೊರತು ಬಿಟ್ಟುಕೊಡಲೇ ಇಲ್ಲ. ಡಬ್ಬಿಯನ್ನು ತೆಗೆದು ಅಲುಗಿಸಿದರೆ ಒಳಗೆ ಪೆಟ್ರೋಲ್ ಕುಲುಕಿದ ಸದ್ದು. ದ್ರವದಲ್ಲಿ ತೊಯ್ದ ಇದ್ದಿಲು ಮತ್ತೆ ಕೆಲಸಕ್ಕೆ ಬರುವುದಿಲ್ಲ. ಅದನ್ನು ಒಲೆಯಲ್ಲಿಟ್ಟು ಒಣಗಿಸುವ ಸಾಹಸ ಮಾಡಿದವರನ್ನು ನಾನು ಕಂಡಿದ್ದೇನೆ, ಅವರು ಬದುಕಿದ್ದು ಪುಣ್ಯ. ಬಂಕಿನಲ್ಲಿ ನಳ ತಾನಾಗಿ ನಿಂತ ಮೇಲೂ ಲೆಕ್ಕ ಸರಿಮಾಡಲು ಮತ್ತಷ್ಟು ಸುರಿಸಿಕೊಳ್ಳುವ ಚಟವೂ ಡಬ್ಬಿಯನ್ನು ಹೀಗೆ ಹಾಳುಮಾಡುತ್ತದೆ.

ಪೈಪಿನ ಆಯ್ಕೆಯಲ್ಲಿ ಜಿಪುಣತನ ಬೇಡ. ಸ್ಕೂಟರ್ ಅಂಗಡಿಯ ಪಾರದರ್ಶಕ ನಳಿಕೆ ಬೇಗ ಕಟ್ಟಿಗೆಯಂತೆ ಬಿರುಸಾಗುತ್ತದೆ. ನಮ್ಮ ಜಿಲ್ಲೆಯ ಕಬ್ಬಿನಿಂದಲೂ ತಯಾರಾಗುವ ಎಥನಾಲು ಈಗ ಪೆಟ್ರೋಲಿನಲ್ಲಿ ಶೇ. 20ರವರೆಗೆ ಬೆರೆತಿರುತ್ತದೆ, 50 ವರ್ಷದ ಹಿಂದಿನ ರಬ್ಬರ್ ಅದನ್ನು ತಾಳುವಂಥದ್ದಲ್ಲ. ಎಸ್‌ಎಇ ಜೆ30 ಆರ್9 ಎಂದು ಅಚ್ಚಾಗಿರುವ ಪೈಪು ದುಬಾರಿಯಾದರೂ ಒಳಪದರ ಎಥನಾಲನ್ನು ತಡೆಯುತ್ತದೆ. ಎಲ್ಲ ಪೈಪುಗಳನ್ನೂ ಇದ್ದಿಲ ಡಬ್ಬಿಯನ್ನೂ ಹೊಸದಾಗಿ ಹಾಕಿ, ಮುಂದಿನ ಅರ್ಧದ ಪೈಪುಗಳ ತುದಿ ಮುಚ್ಚಿ, ಕೈಪಂಪಿನಿಂದ ಅರ್ಧ ಪಿಎಸ್‌ಐಗೂ ಮೀರದಷ್ಟು ಒತ್ತಡ ಕೊಟ್ಟು ಸೋಪಿನ ನೊರೆ ಬಳಿದು ನೋಡಿದೆವು. ಕಂಪ್ರೆಸರ್ ಗಾಳಿ ಬಿಟ್ಟರೆ ಟಾಕಿಯೇ ಉಬ್ಬೀತು.

ಅನಂತರವೂ ವಾಸನೆ ಪೂರ್ತಿ ಹೋಗಲಿಲ್ಲ. ಉಪಕರಣ ಪೈಪುಗಳ ಬಳಿ ಮೌನವಾಗಿದ್ದು, ಮುಂಬದಿಯ ಕಾಲುಹಾಸಿನ ಕೆಳಗೆ ಮಾತ್ರ ಕೂಗುತ್ತಿತ್ತು: ವರ್ಷಗಟ್ಟಲೆ ಆವಿ ಕುಡಿದ ಫೆಲ್ಟ್ ಅಲ್ಲಿ ಕೂತಿತ್ತು. ಅದನ್ನು ಕಿತ್ತು ಗ್ಯಾರೇಜಿನ ಪತ್ರಾಸ್ (ತಗಡಿನ ಮಾಡು) ಮೇಲೆ ಮೂರು ದಿನ ಬಿಸಿಲಿಗೆ ಹಾಕಿಸಿದೆ.