ತಾಮ್ರ–ಅಲ್ಯೂಮಿನಿಯಂ ಬೆಸುಗೆ: ಪಿನ್ನಿನ ಆಕಾರದ ಬಗ್ಗೆ ಯಾಕಿಷ್ಟು ಜಗ್ಗಾಟ?

ಅಲ್ಯೂಮಿನಿಯಂ ತಗಡಿಗೆ ತಾಮ್ರದ ತಗಡು ಬೆಸೆಯಬೇಕು. ಫ್ರಿಕ್ಷನ್ ಸ್ಟಿರ್ ವೆಲ್ಡಿಂಗ್ ವಿಧಾನದಲ್ಲಿ, ತಿರುಗುವ ಟೂಲ್‌ನ ತುದಿಯ ಮೊಳೆಯಂಥ ಪಿನ್ ಯಾವ ಆಕಾರದ್ದಾದರೆ ಒಳ್ಳೇದು? ಒಬ್ಬರು ದುಂಡನೆಯದು ಅಂತಾರೆ, ಇನ್ನೊಬ್ಬರು ಚೌಕ, ಮತ್ತೊಬ್ಬರು ತಿರುಪಿನಂತೆ ಥ್ರೆಡ್ ಇರುವುದು. ಮೂವರ ಹತ್ತಿರವೂ ಪರೀಕ್ಷೆಯ ಲೆಕ್ಕ ಇದೆ.

ಈ ವಿಧಾನ ಹುಟ್ಟಿದ್ದು 1991ರಲ್ಲಿ, ಇಂಗ್ಲೆಂಡಿನ ಕೇಂಬ್ರಿಡ್ಜ್ ಬಳಿಯ ಟಿಡಬ್ಲ್ಯೂಐ ಎಂಬ ಬೆಸುಗೆ ಸಂಶೋಧನಾ ಸಂಸ್ಥೆಯಲ್ಲಿ. ಇಲ್ಲಿ ಲೋಹ ಕರಗುವುದಿಲ್ಲ. ತಿರುಗುವ ಟೂಲ್‌ನಲ್ಲಿ ಪಿನ್ನಿನ ಮೇಲಿರುವ ಅಗಲವಾದ ಭಾಗ, ಅಂದರೆ ಶೋಲ್ಡರ್, ತಗಡಿನ ಮೇಲೆ ಉಜ್ಜಿ ಬಿಸಿ ಮಾಡುತ್ತದೆ, ಪಿನ್ ಒಳಗಿಳಿದು ಕಲಸುತ್ತದೆ. ಒಲೆ ಮುಂದೆ ಕೂತು ಕೋಲಿನಲ್ಲಿ ರಾಗಿಮುದ್ದೆ ತಿರುವಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೊದಲ ವರ್ಷಗಳ ಟೂಲ್‌ಗಳು ಹೆಚ್ಚಾಗಿ ಅಲ್ಯೂಮಿನಿಯಂಗೆ ಅಲ್ಯೂಮಿನಿಯಂ ಸೇರಿಸಲು ರೂಪುಗೊಂಡವು. ಶೋಲ್ಡರ್ ತಳ್ಳುವ ಲೋಹ, ಪಿನ್ ತಳ್ಳುವ ಲೋಹ ಎರಡೂ ಬೇರೆ ಬೇರೆ ಹರಿವು, ಅವು ಕೂಡಿಕೊಂಡರೇನೇ ಬೆಸುಗೆ ಗಟ್ಟಿ ಎಂದು 2008ರಲ್ಲಿ ವಿವರಿಸಿದ್ದು ನಮ್ಮ ಬೆಂಗಳೂರಿನ ಐಐಎಸ್‌ಸಿಯ ಕುಮಾರ್ ಮತ್ತು ಸತೀಶ್ ಕೈಲಾಸ್.

ತಾಮ್ರ ಬಂದಾಗ ಲೆಕ್ಕ ಬದಲಾಯಿತು. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ, ತಾಮ್ರ 1085ಕ್ಕೆ. ಒಂದು ಮೆತ್ತಗಾದಾಗ ಇನ್ನೊಂದು ಇನ್ನೂ ಬಿಗಿಯಾಗಿರುತ್ತದೆ. ಅದಕ್ಕೇ ಸಾಮಾನ್ಯವಾಗಿ ಪಿನ್ನನ್ನು ಅಲ್ಯೂಮಿನಿಯಂ ಕಡೆ ಸರಿಸಿ, ತಾಮ್ರದ ಅಂಚನ್ನು ಸ್ವಲ್ಪವೇ ಸವರುವಂತೆ ಇಡುತ್ತಾರೆ. ಚೌಕ ಪಿನ್ ನಿಮಿಷಕ್ಕೆ 600 ಸುತ್ತು ತಿರುಗಿದರೆ ಅದರ ನಾಲ್ಕು ಮೂಲೆಗಳಿಂದ ಸೆಕೆಂಡಿಗೆ 40 ಏಟು. ಸರಿಸಿದ್ದು ಕಡಿಮೆಯಾದರೆ ತಾಮ್ರ ಚೂರುಚೂರಾಗಿ ಎದ್ದು ಬರುತ್ತದೆ.

ಅಂಥ ಬೆಸುಗೆಯನ್ನು ಅಡ್ಡ ಕೊಯ್ದು ಪಾಲಿಶ್ ಮಾಡಿ ನೋಡಿ. ಬೆಳ್ಳಗಿನ ಅಲ್ಯೂಮಿನಿಯಂ ನಡುವೆ ಕೆಂಪು ಚೂರುಗಳು. ಸೂಕ್ಷ್ಮದರ್ಶಕದಲ್ಲಿ ಪ್ರತಿ ಚೂರಿನ ಸುತ್ತ ಬೂದು ಅಂಚು ಕಾಣುತ್ತದೆ. ಅದೇ ಎರಡು ಲೋಹ ಕೂಡಿ ಹುಟ್ಟುವ ಇಂಟರ್‌ಮೆಟಾಲಿಕ್ ಪದರ. ತೆಳ್ಳಗಿದ್ದರೆ ಅದೇ ಹಿಡಿದಿಡುತ್ತದೆ. ದಪ್ಪವಾದರೆ ಗಾಜಿನಂತೆ ಬಿರಿಯುತ್ತದೆ. ಹಾಗಾಗಿ ಚೆನ್ನಾಗಿ ಕಲಸುವ ಪಿನ್ನೇ ಇಲ್ಲಿ ಕೆಲವೊಮ್ಮೆ ಕೆಡಿಸುತ್ತದೆ. ದುಂಡು ಪಿನ್ ಗೆದ್ದ ಕಡೆ ಗೆದ್ದಿದ್ದು ಆಕಾರವೋ, ಅದನ್ನು ಇಟ್ಟ ಜಾಗವೋ ಎಂದು ಕೇಳಲೇಬೇಕು, ಅಲ್ವಾ?

ಉಕ್ಕಿನ ವಿಷಯದಲ್ಲಿ ಕಷ್ಟ ಇನ್ನೂ ಜಾಸ್ತಿ. ಹೋಂಡಾ 2013ರ ಅಕಾರ್ಡ್ ಕಾರಿನಲ್ಲಿ ಉಕ್ಕು–ಅಲ್ಯೂಮಿನಿಯಂ ಜೋಡಿಸಿ ತೋರಿಸಿತು ನಿಜ. ಆದರೆ ಉಕ್ಕನ್ನು ಸವರಿದ ಪಿನ್ ಸವೆಯುತ್ತದೆ, ಚೌಕದ ಮೂಲೆಗಳು ದುಂಡಾಗುತ್ತಾ ಹೋಗುತ್ತವೆ. ಪರೀಕ್ಷೆಯ ಲೆಕ್ಕದಲ್ಲಿ ಸುಮ್ನೆ 'ಚೌಕ ಪಿನ್' ಅಂತ ಬರೆದರೆ ಸಾಲದು. ಪಿನ್ ಎಷ್ಟು ಮಿಲಿಮೀಟರ್ ಸರಿದಿತ್ತು, ಶೋಲ್ಡರ್ ಎಷ್ಟು ಅಗಲ, ಕೊನೆಯ ಬೆಸುಗೆ ಮುಗಿದ ಮೇಲೆ ಮೂಲೆಗಳು ಎಷ್ಟು ಉಳಿದಿದ್ದವು ಎಂಬುದನ್ನೂ ಜೊತೆಗೆ ಕೊಡಬೇಕು.